ದರ್ಜಿ ಹೊಲಿದ ಕೆರೆ

ಇಡೀ ಭೂಮಂಡಲವನ್ನು ನಾನು ದಿನಾ ಬೆಳಿಗ್ಗೆ ಒಂದು ಲೋಟ ಟೀ ಮುಗಿಯುವುದರೊಳಗೆ ಸುತ್ತಿ ಬರುತ್ತಿದ್ದೆ, ಅದೂ ಕುರ್ಚಿ ಬಿಟ್ಟು ಏಳದೆ. ಹದ್ದಿನ ಕಣ್ಣು ಎಂದು ಜನ ಹೊಗಳುತ್ತಾರಲ್ಲ, ಆ ಹದ್ದೇನಾದರೂ ನಮ್ಮ ಕೋಣೆಗೆ ಬಂದು ನನ್ನ ಪರದೆ ನೋಡಿದ್ದರೆ ನಾಚಿಕೊಂಡು ಕೋಳಿ ಫಾರಂ ಸೇರುತ್ತಿತ್ತು. ಯಾವ ಹೊಲದ ಪೈರು ಬಾಯಾರಿದೆ ಎಂಬುದು ಹೊಲದವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ಆರೋಗ್ಯವಾಗಿರುವ ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ನೀರು ಸಾಲದಾದಾಗ ಎಲೆ ಹಳದಿಯಾಗುವ ಮುಂಚೆಯೇ ಆ ಬೆಳಕು ಕುಂದುತ್ತದೆ. ಉಪಗ್ರಹಕ್ಕೆ ಅದು ಕಾಣುತ್ತದೆ. ಉಪಗ್ರಹಕ್ಕೆ ಕಂಡದ್ದು ನನಗೂ ಕಾಣುತ್ತಿತ್ತು. ಪೈರಿಗೇ ಗೊತ್ತಾಗುವ ಮೊದಲು ನನಗೆ ಗೊತ್ತಾಗುತ್ತದೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ಅಷ್ಟೆ. ಆಫೀಸಿನಲ್ಲೂ ಮನೆಯಲ್ಲೂ ನನಗೆ ‘ಬುರುಡೆ’ ಎಂಬ ಬಿರುದು ಸುಮ್ಮನೆ ಸಿಕ್ಕಿದ್ದಲ್ಲ.

ನನ್ನ ಕೈಕೆಳಗೆ ಮೂರು ಉಪಗ್ರಹಗಳು ದುಡಿಯುತ್ತಿದ್ದವು. ನಿಜವಾಗಿ ಅವು ಯಾರ ಯಾರದೋ; ಅವು ಕಳಿಸಿದ್ದನ್ನು ನಾವು ಇಳಿಸಿಕೊಳ್ಳುತ್ತಿದ್ದೆವು. ಆದರೆ ನೆಂಟರ ಮುಂದೆ ಹಾಗೆ ಹೇಳಿಕೊಳ್ಳಲಾಗುತ್ತದೆಯೇ? ಒಂದನೆಯದು ದಿನಾ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಬಂದು ನೆಲದ ಬಣ್ಣದ ಚಿತ್ರ ತೆಗೆಯುತ್ತಿತ್ತು. ಎರಡನೆಯದು ರೇಡಿಯೊ ಅಲೆ ಬಿಟ್ಟು ಕೆರೆ, ಅಣೆಕಟ್ಟುಗಳ ನೀರಿನ ಮಟ್ಟ ಅಳೆಯುತ್ತಿತ್ತು. ಪಾಪ, ಅದು ಹೋದ ವರ್ಷವೇ ಕಣ್ಣು ಮುಚ್ಚಿತ್ತು. ಮೂರನೆಯದು ನೆಲವನ್ನು ತಕ್ಕಡಿಗೆ ಹಾಕುವಂಥದು. ಒಂದು ಸೀಮೆಯ ನೀರು ಕಡಿಮೆಯಾದರೆ ಆ ಸೀಮೆಯ ಸೆಳೆತವೇ ಒಂದು ಕೂದಲಿನಷ್ಟು ಇಳಿಯುತ್ತದಂತೆ. ಅದನ್ನು ಅದು ಹಿಡಿಯುತ್ತಿತ್ತು. ಒಂದೊಂದು ಕೆರೆ ಅದಕ್ಕೆ ತಿಳಿಯದು, ಇಡೀ ಸೀಮೆಯ ತೂಕ ಮಾತ್ರ ಹೇಳುತ್ತದೆ. ನಮ್ಮ ಸೀಮೆ ಹಗುರವಾಗುತ್ತಿದೆ, ಹಗುರವಾಗುತ್ತಿದೆ ಎಂದು ಅದು ತಿಂಗಳುಗಟ್ಟಲೆ ಗೊಣಗುತ್ತಿತ್ತು.

“ಭೂಮಿತಾಯಿ ಡಯಟ್ ಮಾಡ್ತಿದ್ದಾಳೆ, ಮಾಡ್ಲಿ ಬಿಡಿ,” ಎಂದೆ ನಾನು. ಕೋಣೆಯೆಲ್ಲ ನಕ್ಕಿತು.

ಮೇಡಂ ಮಾತ್ರ ನಗಲಿಲ್ಲ. ಅವರು ನಮ್ಮ ವಿಭಾಗದ ಮುಖ್ಯಸ್ಥೆ. ನಮ್ಮ ಕೋಣೆಯ ಪಾಲಿಗೆ ಬಂದ ನಿಜವನ್ನೆಲ್ಲ ಅವರೊಬ್ಬರೇ ಹೇಳಿ ಮುಗಿಸುತ್ತಿದ್ದುದರಿಂದ ನನಗೆ ಬುರುಡೆ ಮಾತ್ರ ಉಳಿಯುತ್ತಿತ್ತು. “ಆದರೆ ಬಣ್ಣದ ಚಿತ್ರದಲ್ಲಿ ನೀರು ಇದೆಯಲ್ಲ,” ಎಂದರು ತಮಗೇ ಎನ್ನುವಂತೆ. ಇತ್ತು. ನಮ್ಮ ನಕ್ಷೆಯಲ್ಲಿ ನೀಲಿ ಎಲ್ಲಿರಬೇಕೋ ಅಲ್ಲೆಲ್ಲ ಇತ್ತು.

ಈಗ ದರ್ಜಿಯ ವಿಷಯ ಹೇಳಬೇಕು. ಮೋಡ ಅಡ್ಡ ಬಂದಾಗ ಚಿತ್ರದಲ್ಲಿ ತೂತು ಬೀಳುತ್ತದೆ. ಆ ತೂತು ಮುಚ್ಚಲು ನಮ್ಮಲ್ಲೊಂದು ಪ್ರೋಗ್ರಾಂ ಇತ್ತು. ಅದನ್ನು ಬರೆದವರು ನಾವೆಲ್ಲ ಕೆಲಸಕ್ಕೆ ಸೇರುವ ಮೊದಲೇ ಎಲ್ಲಿಗೋ ಹೊರಟುಹೋಗಿದ್ದರು. ಬೆಳ್ಳಗೆ ಕಂಡದ್ದನ್ನೆಲ್ಲ ಮೋಡ ಎಂದುಕೊಂಡು, ಹಿಂದಿನ ವರ್ಷಗಳ ಅದೇ ವಾರದ ಚಿತ್ರಗಳಿಂದ ಒಂದು ತುಂಡು ಕತ್ತರಿಸಿ, ತೂತಿಗೆ ಹೊಂದಿಸಿ ಹೊಲಿಯುವುದು ಅದರ ಕೆಲಸ. ಎಷ್ಟು ನಾಜೂಕು ಎಂದರೆ ಹೊಲಿಗೆ ಎಲ್ಲಿ ಎಂದು ಹುಡುಕಲು ದೇವರೇ ಬಂದಿದ್ದರೂ ಕನ್ನಡಕ ಬೇಕಾಗುತ್ತಿತ್ತು. ಅದಕ್ಕೇ ಅದಕ್ಕೆ ‘ದರ್ಜಿ’ ಎಂದು ಹೆಸರು. ಚೆನ್ನಾಗಿ ಹೊಲಿಯುವ ದರ್ಜಿಯ ಅಂಗಡಿಯಲ್ಲಿ ನಿಂತು ಯಾರೂ ಸೂಜಿ ಪರೀಕ್ಷೆ ಮಾಡುವುದಿಲ್ಲ. ನಾವೂ ಮಾಡಲಿಲ್ಲ.

ಹೀಗಿರುವಾಗ ಅಕ್ಕನ ಫೋನು ಬಂತು.

ಅಕ್ಕ ಕೆಳಗಿನ ಊರಿನ ಪಂಪ್‌ಹೌಸಿನಲ್ಲಿ ಆಪರೇಟರು. ಆಚೆ ದಡ ಕಾಣದಷ್ಟು ದೊಡ್ಡ ಕೆರೆ ಅದು. ಅದರ ನೀರೆತ್ತಿ ಇಡೀ ಊರಿಗೆ ಬಿಡುವವಳು ಅವಳು. ಕೆರೆ ಇಳಿದರೆ ಮೇಲಿನ ಊರಿನ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡಬೇಕು ಎಂದು ಎರಡೂ ಊರುಗಳ ನಡುವೆ ಒಪ್ಪಂದವಿತ್ತು. ಎರಡೂ ಊರಿನವರು ಹಿಂದೊಮ್ಮೆ ಸುಳ್ಳು ಲೆಕ್ಕ ಹೇಳಿ ಹೇಳಿ, ಕೊನೆಗೆ ತಲೆ ಒಡೆದುಕೊಂಡು, ಮಾತುಕತೆಯನ್ನೇ ಬಿಟ್ಟಿದ್ದರು. ಅಂದಿನಿಂದ ಮನುಷ್ಯರ ಮಾತು ಲೆಕ್ಕಕ್ಕಿಲ್ಲ. ನಮ್ಮ ಆಫೀಸಿನ ವಾರದ ನಕ್ಷೆಯಲ್ಲಿ ಕೆರೆ ಕೆಂಪು ಗೆರೆಗಿಂತ ಒಳಗೆ ಸರಿದರೆ ಮಾತ್ರ ಅಣೆಕಟ್ಟಿನ ಗೇಟು ಏಳಬೇಕು ಎಂದು ತೀರ್ಮಾನ. ಆಕಾಶಕ್ಕೆ ಎರಡು ನಾಲಿಗೆ ಇಲ್ಲ ಎಂದು ಎರಡೂ ಕಡೆಯವರು ನಂಬಿದ್ದರು.

“ಏನೋ ಬುರುಡೆ, ಇವತ್ತು ಮುಖ ತೊಳ್ಕೊಂಡ್ಯಾ?”

“ತೊಳ್ಕೊಂಡೆ. ಯಾಕಕ್ಕ?”

“ಪುಣ್ಯವಂತ. ನಾನಿನ್ನೂ ತೊಳ್ಕೊಂಡಿಲ್ಲ. ನಿಮ್ಮ ನಕ್ಷೇಲಿ ನಮ್ಮ ಕೆರೆ ತುಂಬಿದ್ಯಂತಲ್ಲ, ಎಲ್ಲಿ ತುಂಬಿದೆ ಅಂತ ಹೇಳು. ಅಲ್ಲಿಗೇ ಹೋಗಿ ತೊಳ್ಕೊತೀನಿ.”

ಪರದೆ ನೋಡಿದೆ. “ನನ್ನ ಕಣ್ಣ ಮುಂದೇ ಇದೆ ಕಣೇ. ನೀಲಿ ಅಂದ್ರೆ ನೀಲಿ. ಬೇಕಿದ್ರೆ ಮೀನಿನ ಮೀಸೆ ಎಣಿಸಿ ಹೇಳ್ಲಾ?”

“ಮೀನಿನ ಮೀಸೆ ಮನೆ ಹಾಳಾಯ್ತು. ನಿನ್ನ ಭಾವ ನಿನ್ನೆ ಕೆರೆ ನಡುಮಧ್ಯ ಸ್ಕೂಟರ್ ಓಡಿಸ್ಕೊಂಡು ಹೋಗಿ ಬಂದ್ರು.”

“ಅಕ್ಕಾ, ಬುರುಡೆ ಬಿಡೋದು ನನ್ನ ಇಲಾಖೆ. ನೀನ್ಯಾಕೆ ಕೈ ಹಾಕ್ತೀಯ?”

ಅವಳು ಬೈಯಲಿಲ್ಲ. ಅಕ್ಕ ಬೈಯದಿದ್ದರೆ ನನಗೆ ಹೆದರಿಕೆ. ಚಿಕ್ಕಂದಿನಲ್ಲಿ ನಾನು ಒಂದು ಇಲಿ ಕಂಡು ನೂರು ಇಲಿ ಎಂದು ಕೂಗಿಕೊಂಡು ಬಂದರೆ, ‘ಎರಡು ಸೊನ್ನೆ ಅಳಿಸಿ ಹೇಳು’ ಎಂದು ತಲೆಗೆ ಮೊಟಕುತ್ತಿದ್ದವಳು ಅವಳು.

“ಪಂಪು ಗಾಳಿ ಎಳೀತಿದೆ ಕಣೋ,” ಎಂದಳು. “ಮೇಲಿಂದ ನೀರು ಬರದೇ ಇದ್ರೆ ಪಂಪ್‌ಹೌಸಿಗೆ ಬೀಗ. ಅದಕ್ಕೆ ಬೀಗ ಬಿದ್ರೆ ಊರಿಗೇ ಬೀಗ. ಅವರ ಹತ್ರ ಬೇಕಾದಷ್ಟಿದೆ, ನಿಮ್ಮ ನಕ್ಷೇಲಿ ನೋಡಿದ್ದೀನಿ. ಗೇಟು ತೆಗ್ಸು. ಒಂದ್ಸಲ ಬಂದು ನೋಡಿ ಹೋಗು.”

ಮೇಡಂಗೆ ಹೇಳಿದೆ. ನಾನು ಹೇಳಿದ್ದನ್ನು ನಂಬುವ ಅಭ್ಯಾಸ ಅವರಿಗಿರಲಿಲ್ಲ. ಆದರೆ ಆ ತಕ್ಕಡಿ ಉಪಗ್ರಹದ ಗೊಣಗಾಟ ಅವರ ತಲೆಯೊಳಗೆ ಕೂತಿತ್ತೋ ಏನೋ, ಮರುದಿನವೇ ಆಫೀಸಿನ ಗಾಡಿ ಹೊರಡಿಸಿದರು.

ಕೆರೆ ಇರಲಿಲ್ಲ.

ನನಗೆ ಸಣ್ಣದನ್ನು ದೊಡ್ಡದು ಮಾಡಿ ಗೊತ್ತು. ಅಷ್ಟು ದೊಡ್ಡ ‘ಇಲ್ಲ’ವನ್ನು ಇನ್ನೂ ದೊಡ್ಡದು ಮಾಡುವ ಬಗೆ ಗೊತ್ತಿರಲಿಲ್ಲ. ದೋಣಿಕಟ್ಟೆ ಒಣ ನೆಲದ ಮೇಲೆ ಉದ್ದಕ್ಕೆ ಕೈ ಚಾಚಿ ನಿಂತಿತ್ತು. ದೋಣಿಗಳು ಮಗ್ಗುಲಾಗಿ ಮಲಗಿದ್ದವು. ಪಂಪ್‌ಹೌಸಿನ ಕೊಳವೆ ಕೆಳಗೆ ಇಳಿದು ಇಳಿದು, ಬಕೆಟ್ಟಿನಷ್ಟು ಕೆಸರಿನಲ್ಲಿ ಮೂತಿ ಇಟ್ಟುಕೊಂಡಿತ್ತು. ನೆಲದ ಮೇಲೆಲ್ಲ ಹಿಟ್ಟು ಚೆಲ್ಲಿದಂತೆ ಬಿಳಿ ಉಪ್ಪುಮಣ್ಣು.

ಬಿಸಿಲೇರುತ್ತಿದ್ದಂತೆ ಗಾಳಿ ಎದ್ದಿತು. ಗಾಳಿಯ ಜೊತೆಗೆ ಆ ಬಿಳಿ ಮಣ್ಣು ಎದ್ದಿತು. ನಾವು ಮೂತಿಗೆ ಬಟ್ಟೆ ಸುತ್ತಿಕೊಂಡು ನಿಂತೆವು. “ದಿನಾ ಇದೇ ಹೊತ್ತಿಗೆ ಇದೇ ಆಟ,” ಎಂದಳು ಅಕ್ಕ. “ಮಧ್ಯಾಹ್ನದವರೆಗೆ ನನ್ನ ಮುಖ ನನಗೇ ಕಾಣಲ್ಲ.”

ನಾನು ಗಡಿಯಾರ ನೋಡಿ, ದೊಡ್ಡಸ್ತಿಕೆಗೆ, “ಈಗ ನಮ್ಮ ಉಪಗ್ರಹ ಸರಿಯಾಗಿ ನೆತ್ತಿ ಮೇಲಿದೆ, ಕೈ ಬೀಸಿ,” ಎಂದೆ.

ಮೇಡಂ ತಲೆ ಎತ್ತಿದರು. ಮೇಲೆ ಆಕಾಶವೇ ಕಾಣುತ್ತಿರಲಿಲ್ಲ, ಬರೀ ಬಿಳುಪು. “ಮೇಲಿಂದ ಈ ಧೂಳು ಹೇಗೆ ಕಾಣುತ್ತೆ?” ಎಂದು ಕೇಳಿದರು.

“ಬೆಳ್ಳಗೆ.”

“ಬೆಳ್ಳಗೆ ಕಂಡರೆ ದರ್ಜಿ ಅದನ್ನ ಏನು ಅಂದ್ಕೊಳ್ಳುತ್ತೆ?”

ಮೇಡಂ ದೋಣಿ ಕಟ್ಟುವ ಕಲ್ಲಿನ ಮೇಲೆ ಕುಕ್ಕರಿಸಿದರು. ಅಕ್ಕ ನಮ್ಮಿಬ್ಬರ ಮುಖ ನೋಡಿ, “ಬಿಡಿಸಿ ಹೇಳ್ರಪ್ಪ,” ಎಂದಳು. ಹೇಳಿದೆ. ಧೂಳನ್ನು ಮೋಡ ಎಂದುಕೊಂಡು ದರ್ಜಿ ದಿನಾ ಅದರ ಮೇಲೆ ಹಳೆಯ ವರ್ಷಗಳ ಕೆರೆಯನ್ನು ಹೊಲಿಯುತ್ತಿತ್ತು.

“ಅಂದ್ರೆ ನಮ್ಮ ಕೆರೆ ಒಣಗಿದಷ್ಟೂ ನಿಮ್ಮ ನಕ್ಷೇಲಿ ತುಂಬ್ತಾ ಹೋಯ್ತಾ?”

“ಹೌದಕ್ಕ.”

“ಇಷ್ಟು ದೊಡ್ಡ ಬುರುಡೆ ನಿನ್ನ ಕೈಲೂ ಬಿಡಕ್ಕಾಗಿರ್ಲಿಲ್ಲ ಬಿಡು,” ಎಂದಳು.

ಆದರೂ ಆ ಸಂಜೆ ಅಕ್ಕನ ಮನೆಯಲ್ಲಿ ಎಲ್ಲರಿಗೂ ಜೀವ ಬಂದಿತ್ತು. ತಪ್ಪು ಸಿಕ್ಕಿದೆ, ನಕ್ಷೆ ತಿದ್ದಿದರೆ ಗೇಟು ಏಳುತ್ತದೆ. ದೋಣಿ ರಿಪೇರಿ ಮಾಡುವ ಭಾವ ಯಾವುದೋ ಮೂಲೆಯಿಂದ ಅಂಟಿನ ಡಬ್ಬ ಹುಡುಕಿ, ಒಣಗಿ ಬಿರಿದ ದೋಣಿಯ ಸಂದುಗಳಿಗೆ ತುಂಬಲು ಶುರು ಮಾಡಿದ್ದರು.

“ನೀರು ಬರೋಕೆ ಎಷ್ಟು ಹೊತ್ತು ಬೇಕಾಗುತ್ತೋ?” ಎಂದರು.

“ಗೇಟು ಏಳೋದೊಂದೇ ತಡ ಭಾವ. ನೀವು ಚಪ್ಪಲಿ ಹಾಕ್ಕೊಳೋದ್ರೊಳಗೆ ಮೊಣಕಾಲು ಮುಟ್ಟುತ್ತೆ.”

“ಹಾಗಾದ್ರೆ ಚಪ್ಪಲಿ ಯಾಕೆ, ಬರಿಗಾಲಲ್ಲೇ ಇರ್ತೀನಿ,” ಎಂದು ನಕ್ಕರು. ಅಕ್ಕ ನನ್ನ ತಲೆಗೆ ಮೊಟಕಿದಳು. ಅದರಲ್ಲಿ ಹಳೆಯ ಜೋರು ಇತ್ತು.

ಆಫೀಸಿಗೆ ಬಂದವರೇ ದರ್ಜಿಗೆ ಪಾಠ ಹೇಳಲು ಕೂತೆವು. ಬಣ್ಣದ ಉಪಗ್ರಹಕ್ಕೆ ಬಿಸಿ ತಂಪೂ ತಿಳಿಯುತ್ತದೆ. ಮೋಡ ತಣ್ಣಗಿರುತ್ತದೆ, ನೆಲದಿಂದ ಎದ್ದ ಧೂಳು ಬೆಚ್ಚಗಿರುತ್ತದೆ. ಬೆಚ್ಚಗಿರುವ ಬಿಳುಪಿಗೆ ಸೂಜಿ ಹಾಕಬೇಡ ಎಂದು ಕಲಿಸಿದೆವು. ಎಷ್ಟು ಸುಲಭದ ಪಾಠ ಎಂದು ಹೇಳಲು ನಾಚಿಕೆಯಾಗುತ್ತದೆ. ಅಕ್ಕನ ಕೆರೆಯ ಮೇಲಿನ ನೀಲಿ ತೇಪೆ ಕಿತ್ತು ಬಂತು. ಅಡಿಯಲ್ಲಿ ಸವೆದ ಎಲುಬಿನ ಬಣ್ಣ. ಕೆಂಪು ಗೆರೆಯೊಳಗೆ ಹನಿ ನೀರೂ ಇರಲಿಲ್ಲ. ಒಪ್ಪಂದದ ಪ್ರಕಾರ ಕೆರೆಯ ಭಾಗದ ಹೊಸ ನಕ್ಷೆ ಎರಡೂ ಊರಿಗೆ ಹೋಯಿತು.

ಎಷ್ಟು ನೀರು ಬಂದೀತು ನೋಡೋಣ ಎಂದು ನಾನು ಹೊಳೆಯ ಗುಂಟ ನಕ್ಷೆಯನ್ನು ಮೇಲಕ್ಕೆ ಸರಿಸಿದೆ. ಅಣೆಕಟ್ಟು ಬಂತು. ಹಿಂದಿನ ವಾರ ಅಲ್ಲಿ ವೀಳ್ಯದೆಲೆಯ ಆಕಾರದ ನೀಲಿ ಇತ್ತು. ಈಗ ಕಂದು ಅಂಗೈ ಒಂದು ಬಿಚ್ಚಿಕೊಂಡಿತ್ತು, ನಡುವೆ ಬೆವರಿನಷ್ಟು ಹೊಳಪು.

ತೇಪೆ ಒಂದೇ ಕಡೆ ಬಿದ್ದಿರಬೇಕು ಎಂದು ಯಾರು ಹೇಳಿದ್ದರು?

ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಅಣೆಕಟ್ಟಿನ ಗೇಟು ಕಾಯುವವನು.

“ಹೊಸ ನಕ್ಷೆ ಕಳ್ಸಿದ್ದು ನೀವೇನಾ? ಗೇಟು ತೆಗೀಬೇಕು ಅಂತ ಬಂದಿದೆ.”

“ಹೌದು. ಆದ್ರೆ...”

“ತೆಗ್ದೇ ಇದೆ ಸ್ವಾಮಿ. ನೀರೆಲ್ಲ ತೀರಿದ್ಮೇಲೆ ಮುಚ್ಕೊಂಡು ಏನು ಕಾಯೋದು ಅಂತ ನಾನೇ ಎತ್ತಿಟ್ಟಿದ್ದೀನಿ. ಗುಬ್ಬಿ ಗೂಡು ಕಟ್ಟಿದೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ವಲ್ಲ. ಮನುಷ್ಯರ ಮಾತು ಲೆಕ್ಕಕ್ಕಿಲ್ಲ ಅಂದ್ರು ನಿಮ್ಮಲ್ಲೇ ಯಾರೋ. ಅದಿರ್ಲಿ ಬಿಡಿ.” ಅವನ ದನಿ ತಗ್ಗಿತು. “ಕೆಳಗಿನ ಕೆರೆ ಒಣಗಿದೆ ಅಂತ ತೋರಿಸ್ತಿದೆಯಲ್ಲ ಈ ಹೊಸ ನಕ್ಷೆ, ಅದು ತಪ್ಪು ತಾನೇ? ಹಳೇದೇ ಸರಿ ತಾನೇ? ಯಾಕಂದ್ರೆ ನಮ್ಮೂರೋರು ಹಳೇದನ್ನ ನೋಡ್ಕೊಂಡು ಬೆಳಿಗ್ಗೇನೇ ಗಂಟುಮೂಟೆ ಕಟ್ಟಿ ಆ ಕೆರೆ ಕಡೆ ಇಳಿದ್ರು. ಹಳೇ ಜಗಳ ಬಿಟ್ಟು ಕಾಲು ಹಿಡಿಯೋಣ, ಒಂದು ಬಿಂದಿಗೆ ಕೊಡಲ್ಲ ಅಂತಾರಾ ಅಂತ. ನನ್ನ ಹೆಂಡ್ತಿ ಮಕ್ಕಳೂ ಅದ್ರಲ್ಲೇ ಇದ್ದಾರೆ.”

ಹೊಸ ನಕ್ಷೆಯೇ ಸರಿ ಎಂದೆ. ಎರಡು ಸಲ ಹೇಳಬೇಕಾಯಿತು. ಅವನು ಫೋನು ಇಡಲಿಲ್ಲ. ಅವನ ಹಿಂದೆ ಗುಬ್ಬಿ ಕೂಗುತ್ತಿದ್ದುದು ಕೇಳಿಸುತ್ತಿತ್ತು.

ಮೇಡಂ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. “ಉಳಿದ ತೇಪೇನೂ ಎಲ್ಲ ತೆಗಿ. ಇಡೀ ಸೀಮೆದು,” ಎಂದರು. ತೆಗೆದೆ. ಒಂದೊಂದಾಗಿ ನೀಲಿಗಳು ಆರಿದವು. ಪೈರಿನ ಹಸಿರಿಗೂ ದರ್ಜಿ ಕೈ ಹಾಕಿತ್ತು; ಅದೂ ಮಾಸಿತು. ಹಗುರವಾಗುತ್ತಿದೆ ಎಂದು ಗೊಣಗುತ್ತಿದ್ದ ತಕ್ಕಡಿಯೊಂದೇ ನಿಜ ಹೇಳಿತ್ತು. ಕೋಣೆಯಲ್ಲಿ ಈ ಸಲ ಯಾರೂ ನಗಲಿಲ್ಲ.

ಅಕ್ಕನಿಗೆ ನಾನೇ ಫೋನು ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಅವಳದೇ ಬಂತು. ಹಿನ್ನೆಲೆಯಲ್ಲಿ ಲಾರಿಯ ಸದ್ದು, ಜನರ ಗಲಾಟೆ.

“ನಿನ್ನೆ ಪಂಪು ನಿಂತೇ ಹೋಯ್ತು ಕಣೋ. ನೀರು ಇಳಿದು ಬರೋವರೆಗೆ ಮಕ್ಕಳು ಮರಿ ತಡೆಯಲ್ಲ ಅಂತ ಊರಿಗೂರೇ ಮೇಲಕ್ಕೆ ಹೊರಟಿದೆ. ಮೇಲಿನೋರು ಬೈದ್ರೆ ಬೈಲಿ, ಅಣೆಕಟ್ಟಿನ ದಡದಲ್ಲಿ ಕೂತ್ಕೊತೀವಿ. ನಿನ್ನ ಭಾವ ದೋಣಿ ಬೇರೆ ಹೇರ್ಕೊಂಡಿದ್ದಾರೆ, ನೋಡು ಇವರ ಬುದ್ಧಿ! ಸ್ಪೀಕರ್ ಹಾಕಿದ್ದೀನಿ, ಎಲ್ರೂ ಕೇಳ್ತಿದ್ದಾರೆ. ಅಲ್ಲಿ ಎಷ್ಟಿದೆ ನೀರು, ಹೇಳು. ಇವತ್ತು ಅಳಿಸ್ಬೇಡ, ನಿನಗೆ ಬೇಕಾದಷ್ಟು ಸೊನ್ನೆ ಸೇರ್ಸಿ ಹೇಳು.”

ಹುಟ್ಟಿದಾಗಿನಿಂದ ನಾನು ಕಾದದ್ದು ಈ ಅಪ್ಪಣೆಗಾಗಿಯೇ. ಆದರೆ ಸೊನ್ನೆ ಸೇರಿಸಲು ಮುಂದೆ ಒಂದು ಅಂಕಿಯಾದರೂ ಬೇಕು.

“ಏನೂ ಇಲ್ಲ ಅಕ್ಕ,” ಎಂದೆ. “ಅಣೆಕಟ್ಟೂ ಒಣಗಿದೆ. ಅಲ್ಲಿಯವರು ನಿಮ್ಮ ಕೆರೆಗೆ ಅಂತ ಇಳಿದು ಬರ್ತಿದ್ದಾರೆ.”

ಲಾರಿಗೆ ಲಾರಿಯೇ ಹೋ ಎಂದು ನಕ್ಕಿತು. “ನಮ್ಮ ಬುರುಡೆ ಕಣ್ರೋ!” “ಎಂಥಾ ಹೊತ್ತಲ್ಲೂ ಬಿಡಲ್ಲ ನೋಡು!” ಭಾವನ ನಗು ಎಲ್ಲರಿಗಿಂತ ಜೋರಾಗಿತ್ತು.

ಅಕ್ಕ ನಗಲಿಲ್ಲ. ಏನೋ ಒತ್ತಿದ ಸದ್ದಾಯಿತು, ಗಲಾಟೆ ದೂರ ಸರಿಯಿತು. “ಸ್ಪೀಕರ್ ತೆಗ್ದೆ. ಈಗ ಹೇಳು.”

“ಅಕ್ಕಾ...”

“ಸರಿ,” ಎಂದಳು. ದನಿ ತಗ್ಗಿಸಿ, “ಈಗ್ಲೇ ಇವರಿಗೆ ಹೇಳಲ್ಲ. ಹಾಡು ಹಾಕ್ಕೊಂಡಿದ್ದಾರೆ. ಹಿಂದಕ್ಕೆ ಹೋದ್ರೂ ಏನಿದೆ?” ಎಂದಳು. ಫೋನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ತಾಗಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಉಪಗ್ರಹ ಎಂದಿನಂತೆ ಬಂದು ಹೋಯಿತು. ಟೀ ತಣ್ಣಗಾಗುತ್ತಿತ್ತು. ಚಿತ್ರದಲ್ಲಿ ಜನ ಕಾಣುವುದಿಲ್ಲ. ಕಾಣುತ್ತಾರೆ ಎಂದು ನಾನು ನೆಂಟರ ಮುಂದೆ ಹೇಳುತ್ತಿದ್ದುದೆಲ್ಲ ಸುಳ್ಳು. ದಾರಿಯ ಮೇಲೆ ಧೂಳಿನ ಎರಡು ಬಿಳಿ ಎಳೆಗಳು ಕಂಡವು. ಒಂದು ಅಣೆಕಟ್ಟಿನ ಕಡೆಯಿಂದ ಕೆಳಕ್ಕೆ, ಒಂದು ಕೆರೆಯ ಕಡೆಯಿಂದ ಮೇಲಕ್ಕೆ. ಅವುಗಳ ನಡುವೆ ಉಳಿದದ್ದು ಒಂದು ಉಗುರಿನಷ್ಟು ಜಾಗ.

ದರ್ಜಿ ಆ ಬಿಳುಪನ್ನು ಮುಟ್ಟಿ ನೋಡಿತು. ಬೆಚ್ಚಗಿತ್ತು. ಕಲಿಸಿದ ಪಾಠ ಮರೆಯದೆ, ಸೂಜಿ ಹಾಕದೆ ಹಾಗೇ ಬಿಟ್ಟಿತು.