ಅರ್ಧಕ್ಕೆ ನಿಂತ ದೆವ್ವದ ಸಿನಿಮಾ

ಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಹೊತ್ತು ತಂದ ನಾಲ್ವರು ಹಿಂದೆ ಸರಿದರು, ಮುಂದೆ ತಳ್ಳಿದರು. ಗೋಡೆಯ ಸುಣ್ಣ ಉದುರಿತೇ ಹೊರತು ಪೆಟ್ಟಿಗೆ ಜಗ್ಗಲಿಲ್ಲ. ಚಿಕ್ಕಪ್ಪ ಮೇಲೆ ನಿಂತು "ಬಲಕ್ಕೆ, ಬಲಕ್ಕೆ" ಎನ್ನುತ್ತಿದ್ದ. ಯಾರ ಬಲಕ್ಕೆ ಎಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

"ತಲೆಕಡೆ ಎತ್ತಿ. ಇನ್ನೂ ಎತ್ತಿ. ಕಾಲುಕಡೆಯವರು ಕುಕ್ಕರಗಾಲಲ್ಲಿ ಕೂತ್ಕೊಳ್ಳಿ. ಈಗ ನಿಧಾನಕ್ಕೆ ತಿರುಗಿಸಿ," ಎಂದು ಕೆಳಗಿನಿಂದ ಯಾರೋ ಹೇಳಿದರು.

ಹಾಗೆ ಮಾಡಿದ್ದೇ ತಡ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಪೆಟ್ಟಿಗೆ ತಿರುಗಿ ಮೇಲೆ ಬಂತು.

ಬಾಗಿಲಲ್ಲಿ ನಿಂತಿದ್ದ ಮಗಳು ಬಗ್ಗಿ ನೋಡಿದಳು. ಎಪ್ಪತ್ತೈದು ದಾಟಿದ ಒಬ್ಬ ಮುದುಕ. ಮೊಣಕಾಲಿನವರೆಗೆ ಇಳಿಬಿದ್ದ ಕರಿ ಕೋಟು, ಹೆಗಲಲ್ಲಿ ಗಡುಸಾದ ಕರಿ ಚೀಲ. ಶವಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವುದು ಇಷ್ಟು ಚೆನ್ನಾಗಿ ಗೊತ್ತಿರಬೇಕಾದರೆ ಈ ಮನುಷ್ಯ ಯಾರು?

"ಯಾರು ಚಿಕ್ಕಪ್ಪ ಅವರು?"

ಚಿಕ್ಕಪ್ಪ ಪೆಟ್ಟಿಗೆಯ ಮೇಲಿನ ಸುಣ್ಣದ ಪುಡಿ ಒರೆಸುವುದರಲ್ಲಿ ಮುಳುಗಿದ. "ಅಣ್ಣನ ಹಳೇ ಪರಿಚಯ ಇರಬೇಕು."

'ಇರಬೇಕು' ಎಂಬ ಮಾತು ಕೌಂಟರಿನಲ್ಲಿ ಕೇಳಿಬಂದಿದ್ದರೆ ಅವಳು ಆ ಅರ್ಜಿಯನ್ನು ಪಕ್ಕಕ್ಕೆ ಎತ್ತಿಡುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಪಾಸ್‌ಪೋರ್ಟ್ ಕಚೇರಿಯಲ್ಲಿ ಫೋಟೋಕ್ಕೂ ಮುಖಕ್ಕೂ ತಾಳೆ ನೋಡುವುದು ಅವಳ ಕೆಲಸ. ಮುಖಗಳನ್ನು ನಂಬದೇ ಇರುವುದಕ್ಕೇ ಸಂಬಳ ಬರುತ್ತಿದ್ದುದರಿಂದ ಆ ಚಾಳಿ ಮನೆಗೂ ಅಂಟಿಕೊಂಡು ಬಂದಿತ್ತು.

ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಂದಿನ ಕೋಣೆಯಲ್ಲಿಟ್ಟರು. ಸುತ್ತ ಹಾಕಿದ ಕುರ್ಚಿಗಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ತಂದವು. ಅಪ್ಪ ಐವತ್ತು ವರ್ಷ ಆ ಡಾಕ್ಟರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವನು. ಅವರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಹಿಂದಿನ ಕೋಣೆಯಲ್ಲಿ ಕೂತು ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತಿದ್ದ. ಸಾವಿಗೆ ಬಂದವರಲ್ಲಿ ಅರ್ಧ ಜನರ ಬಾಯಲ್ಲಿ ಅವನ ಹಲ್ಲೇ ಇತ್ತು.

"ಕೋರೆಹಲ್ಲು ಕೂರಿಸೋದರಲ್ಲಿ ಅವನನ್ನ ಮೀರಿಸೋರು ಇರಲಿಲ್ಲ," ಎಂದರು ಡಾಕ್ಟರು.

"ಅದು ಅವನಿಗೆ ಬೇರೆ ಕಡೆ ಅಭ್ಯಾಸ ಆಗಿತ್ತಲ್ಲ ಡಾಕ್ಟ್ರೇ," ಎಂದ ಚಿಕ್ಕಪ್ಪ.

ಕೆಳಮನೆಯ ಟೈಲರ್ ದನಿ ತಗ್ಗಿಸಿದ. "ರಕ್ತ ಕುಡಿಯೋ ದೆವ್ವದ ಪಾರ್ಟು ಮಾಡಿದ್ರಲ್ಲ, ಆ ಸಿನಿಮಾ ತಾನೆ? ನಾನು ಮೂರು ಸಲ ನೋಡಿದೀನಿ. ಬಾವಲಿ ಹಾರುತ್ತೆ, ಅದರ ಜೊತೆ ದಾರಾನೂ ಹಾರುತ್ತೆ. ನಡುರಾತ್ರಿ ಅಂತಾರೆ, ದೆವ್ವದ ನೆರಳು ಕಾಲ ಬುಡದಲ್ಲೇ ಬಿದ್ದಿರುತ್ತೆ. ಮಟಮಟ ಮಧ್ಯಾಹ್ನ ತೆಗೆದಿದ್ದು. ಬಿಸಿಲು ಬಿದ್ರೆ ಬೂದಿಯಾಗಬೇಕಾದವನು ಬೆವರು ಒರೆಸ್ಕೋತಾ ನಿಂತಿದಾನೆ."

"ಮತ್ತೆ ಮೂರು ಸಲ ಯಾಕೆ ನೋಡಿದ್ರಿ?" ಎಂದರು ಡಾಕ್ಟರು.

ಟೈಲರ್ ಪೆಟ್ಟಿಗೆಯ ಕಡೆ ತಿರುಗಿದ. "ಒಂದು ಕಡೆ ಅವನು ಕಿಟಕಿ ಹೊರಗೆ ನಿಂತು, ಊಟಕ್ಕೆ ಕೂತ ಮನೆಯವರನ್ನ ನೋಡ್ತಾನೆ. ಸುಮ್ನೆ ನೋಡ್ತಾನೆ, ಅಷ್ಟೇ. ಅದಕ್ಕೆ ದಾರ ಇರಲಿಲ್ಲ."

ಒಳಕೋಣೆಯ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡದ್ದೇ ಎಲ್ಲರೂ ಗಪ್‌ಚಿಪ್ಪಾದರು. ಆ ಸಿನಿಮಾದ ಮಾತು ಈ ಮನೆಯಲ್ಲಿ ಎದ್ದು ಮೂವತ್ತೊಂಬತ್ತು ವರ್ಷವಾಗಿತ್ತು.

ಮುದುಕ ಮಾತ್ರ ಕುರ್ಚಿಯ ಸಾಲಿನಲ್ಲಿ ಕೂತಿರಲಿಲ್ಲ. ಕಿಟಕಿಯ ಬಳಿ ನಿಂತು ಪರದೆಯನ್ನು ನಾಲ್ಕು ಬೆರಳಷ್ಟು ಸರಿಸಿದ. ಅಪ್ಪನ ಮುಖದ ಮೇಲೆ ಬಿದ್ದ ಬೆಳಕನ್ನು ನೋಡಿ ಮತ್ತೆ ಎರಡು ಬೆರಳು ಎಳೆದ. ಪೆಟ್ಟಿಗೆ ಹೊರುವವರ ಬಳಿ ಹೋಗಿ, ಎಷ್ಟು ಗಂಟೆಗೆ ಹೊರಡುವುದು, ಸ್ಮಶಾನದ ಗೇಟು ಯಾವ ದಿಕ್ಕಿಗಿದೆ ಎಂದು ವಿಚಾರಿಸಿದ. ಚೀಲವನ್ನು ಮಾತ್ರ ಒಂದು ಕ್ಷಣವೂ ಕೆಳಗಿಡಲಿಲ್ಲ.

ಮಗಳಿಗೆ ಆಸ್ಪತ್ರೆಯ ಕೊನೆಯ ಎರಡು ತಿಂಗಳು ನೆನಪಾಯಿತು. ಅಪ್ಪ ಯಾರ ಜೊತೆಗೋ ಫೋನಿನಲ್ಲಿ ಪಿಸುಗುಡುತ್ತಿದ್ದ. ಅವಳು ಒಳಗೆ ಕಾಲಿಟ್ಟರೆ "ಇಡ್ತೀನೋ, ಮಗಳು ಬಂದ್ಲು" ಎಂದು ನಿಲ್ಲಿಸಿಬಿಡುತ್ತಿದ್ದ. ಯಾರು ಎಂದು ಕೇಳಿದರೆ "ರಾಂಗ್ ನಂಬರ್" ಎನ್ನುತ್ತಿದ್ದ. ರಾಂಗ್ ನಂಬರಿನವನನ್ನು ಯಾರಾದರೂ ಹೋಗೋ ಬಾರೋ ಎನ್ನುತ್ತಾರೆಯೇ?

ಅವಳು ಮುದುಕನ ಮುಖವನ್ನು ದಿಟ್ಟಿಸಿದಳು. ಒಂದು ಮುಖದಿಂದ ಮೂವತ್ತೊಂಬತ್ತು ವರ್ಷ ಕಳೆದು ನೋಡುವುದು ಅವಳಿಗೆ ಹೊಸತಲ್ಲ. ಗಲ್ಲದ ಜೋಲು ತೆಗೆದಳು, ತಲೆಗೆ ಕೂದಲು ಹಾಕಿದಳು. ಆ ದೆವ್ವದ ಸಿನಿಮಾ ತೆಗೆದವನ ಮುಖ ಬಂತು.

ಡೈರೆಕ್ಟರ್. ಹಾಗಾದರೆ ಚೀಲದಲ್ಲಿರುವುದು ಕ್ಯಾಮೆರಾ.

* * *

ಆಗ ಅವಳಿಗೆ ಎಂಟು ವರ್ಷ. ಭಾನುವಾರ ಬಂತೆಂದರೆ ಅಪ್ಪ ತಾನೇ ಮಾಡಿಕೊಂಡ ಎರಡು ಕೋರೆಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು, ಮುಚ್ಚಿಹೋದ ಒಂದು ಮುದ್ರಣಾಲಯಕ್ಕೆ ಹೋಗುತ್ತಿದ್ದ. ಅದೇ ದೆವ್ವದ ಅರಮನೆ. ಬಾವಲಿಗಳನ್ನು ಹರಿದ ಕೊಡೆಯ ಬಟ್ಟೆಯಲ್ಲಿ ಹೊಲಿದಿದ್ದರು. ರಕ್ತವೆಂದರೆ ಬೀಟ್‌ರೂಟ್ ರಸ. ಅದಕ್ಕೆ ನೊಣ ಮುತ್ತುತ್ತಿದ್ದರಿಂದ ಕಚ್ಚುವ ದೃಶ್ಯಗಳನ್ನೆಲ್ಲ ಗಡಿಬಿಡಿಯಲ್ಲಿ ಮುಗಿಸುತ್ತಿದ್ದರು. ಪೆಟ್ಟಿಗೆಯನ್ನು ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಕೇಳಿ ತರುತ್ತಿದ್ದರು. ಅಪ್ಪ ಅದರೊಳಗೆ ಮಲಗಿ ನಿಜವಾಗಿಯೂ ನಿದ್ದೆ ಹೋಗಿಬಿಡುತ್ತಿದ್ದ. ಡೈರೆಕ್ಟರ್ ಮುಚ್ಚಳ ಬಡಿದು ಎಬ್ಬಿಸಬೇಕಿತ್ತು.

"ಅಪ್ಪಾ, ಜನ ನಗ್ತಾರಂತೆ," ಎಂದಿದ್ದಳು ಅವಳು ಒಮ್ಮೆ.

"ನಗಲಿ ಬಿಡು. ಹೆದರಿದವರೇ ನಗೋದು."

"ನೀನು ಯಾಕೆ ಎಲ್ಲರನ್ನೂ ಕಚ್ಚೋದು?"

"ಅವನಿಗೆ ಸಾಯೋಕಾಗಲ್ಲ ಪುಟ್ಟಿ. ಒಬ್ಬನೇ ಎಷ್ಟು ದಿನ ಅಂತ ಇರ್ತಾನೆ ಪಾಪ," ಎಂದು ಅಪ್ಪ ಹಲ್ಲು ತೊಳೆದು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ.

ಮೊದಲನೆಯ ಸಿನಿಮಾ ಎರಡು ವಾರ ಓಡಿತು. ಎರಡನೆಯದರ ಮೊದಲ ದಿನ, ಮಧ್ಯಾಹ್ನದ ಆಟಕ್ಕೆ, ಅಪ್ಪ ಅಮ್ಮನನ್ನೂ ಅವಳನ್ನೂ ಕರೆದುಕೊಂಡು ಹೋದ. ಅಜ್ಜಿ, ಅಂದರೆ ಅಮ್ಮನ ತಾಯಿ, ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಮ್ಮ ಅಂದೇ ಮೊದಲ ಸಲ ಮನೆಯಿಂದ ಹೊರಟಿದ್ದಳು. ಟಾಕೀಸಿನಲ್ಲಿ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು; ದೆವ್ವದ ಕೈಯಲ್ಲಿ ಗಡಿಯಾರ ಕಂಡಾಗ ಅಮ್ಮನೂ ನಕ್ಕಳು.

ಆಮೇಲೆ ಕತೆಯಲ್ಲಿ ಜಮೀನ್ದಾರನೊಬ್ಬನ ತಾಯಿ ಸತ್ತಳು. ಪರದೆಯ ಮೇಲೆ ಒಂದು ಶವಯಾತ್ರೆ ಬಂತು. ಪೆಟ್ಟಿಗೆಯಲ್ಲಿ ಅಜ್ಜಿ ಮಲಗಿದ್ದಳು. ಪಕ್ಕದಲ್ಲಿ ಅಮ್ಮ, ಕೆದರಿದ ತಲೆಯಲ್ಲಿ, ಬಾಯಿ ತೆರೆದು ಅಳುತ್ತಿದ್ದಳು. ಆ ಅಳುವಿಗೆ ಬೇರೆ ಯಾರದೋ ದನಿ ಜೋಡಿಸಿದ್ದರು. ಅದು ತುಟಿಗೆ ಹೊಂದದೆ ಹಿಂದೆ ಬಿದ್ದದ್ದನ್ನು ನೋಡಿ ಜನ ಮತ್ತೆ ನಕ್ಕರು.

ಅಮ್ಮ ಎದ್ದು ಮಗಳ ಕೈ ಹಿಡಿದು ಹೊರಗೆ ನಡೆದಳು. ಅಪ್ಪ ಹಿಂದೆಯೇ ಓಡಿ ಬಂದ.

"ನನಗೆ ಗೊತ್ತಿರಲಿಲ್ಲ ಕಣೆ."

"ಕ್ಯಾಮೆರಾ ತಂದವರು ನಿಮ್ಮ ಸ್ನೇಹಿತರು. ಬಾಗಿಲು ತೆಗೆದವರು ನೀವು. ನಮ್ಮಮ್ಮ ಸತ್ತಿದ್ದನ್ನ ಟಿಕೆಟ್ ಇಟ್ಟು ತೋರಿಸಿದ್ರಿ."

ಮೂರನೆಯ ಸಿನಿಮಾ ಆಗಲೇ ಅರ್ಧ ಆಗಿತ್ತು. ಅಪ್ಪ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಅವನು ಮಾಡಿದ ಹಲ್ಲುಗಳೆಲ್ಲ ತಿನ್ನಲಿಕ್ಕೆ, ಮಾತಾಡಲಿಕ್ಕೆ ಇದ್ದವು. ಮನೆಯಲ್ಲಿ ಜಗಳವೂ ಇರಲಿಲ್ಲ. ಆದರೆ ಅಪ್ಪ ಏನು ಹೇಳಿದರೂ ಅಮ್ಮ ಒಂದು ಗಳಿಗೆ ಅವನ ಮುಖ ನೋಡಿ, ಆಮೇಲೆ "ಹೂಂ" ಎನ್ನುತ್ತಿದ್ದಳು. ಮಗಳು ಆ ನೋಟವನ್ನು ನೋಡುತ್ತಲೇ ಬೆಳೆದಳು.

* * *

"ಸ್ವಲ್ಪ ಒಳಗೆ ಬರ್ತೀರಾ?" ಎಂದು ಅವಳು ಮುದುಕನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಬೆಂಚಿನ ಮೇಲೆ ಅಪ್ಪ ಮುಗಿಸದೆ ಬಿಟ್ಟ ಒಂದು ಕೆಳದವಡೆ ಇತ್ತು.

"ಚೀಲ ತೆಗೀರಿ."

ಡೈರೆಕ್ಟರ್ ಜಿಪ್ ಎಳೆದ. ಅಂಗೈಯಗಲದ ಹೊಸ ಕ್ಯಾಮೆರಾ. ಪಕ್ಕದಲ್ಲಿ ಮಡಚಿಟ್ಟ ರಟ್ಟು, ಅದರ ಒಂದು ಮೈಗೆ ಬೆಳ್ಳಿಕಾಗದ ಅಂಟಿಸಿತ್ತು.

"ನಾಚಿಕೆ ಆಗಲ್ವಾ ನಿಮಗೆ? ಒಂದು ಸಲ ಮಾಡಿದ್ದು ಸಾಲದೆ?"

"ಆಗುತ್ತೆ ಪುಟ್ಟಿ. ಅದಕ್ಕೇ ಇಷ್ಟು ವರ್ಷ ಈ ಮನೆ ಮೆಟ್ಟಿಲು ಹತ್ತಲಿಲ್ಲ." ಅವನು ಸ್ಟೂಲಿನ ಮೇಲೆ ಕೂತ. "ನಿಮ್ಮಜ್ಜಿ ಹೋದ ದಿನ ನಿಮ್ಮಪ್ಪ ಏನಂದ ಗೊತ್ತಾ? ಅತ್ತೆದು ಒಂದು ಫೋಟೋನೂ ಇಲ್ಲ ಕಣೋ, ಮುಖ ಮರೆತುಹೋಗುತ್ತೆ ಅಂತ ಇವಳು ಅಳ್ತಿದಾಳೆ, ನಿನ್ನ ಹತ್ರ ರೀಲು ಮಿಕ್ಕಿದ್ರೆ ಎರಡು ನಿಮಿಷ ತೆಗಿ ಅಂದ. ತೆಗೆದೆ. ಆಮೇಲೆ ನನಗೆ ಸಿನಿಮಾಕ್ಕೆ ಒಂದು ಶವಯಾತ್ರೆ ಬೇಕಾಯ್ತು. ಐವತ್ತು ಜನ ಎಲ್ಲಿಂದ ತರ್ಲಿ? ಇದ್ದಿದ್ದನ್ನೇ ಸೇರಿಸಿಬಿಟ್ಟೆ. ಅವನಿಗೆ ಹೇಳಲಿಲ್ಲ. ಅವನೂ ನಿಮ್ಮ ಪಕ್ಕ ಕೂತೇ ಮೊದಲ ಸಲ ನೋಡಿದ್ದು."

"ಇದನ್ನ ಆಗಲೇ ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಹೇಳ್ತೀನಿ ಅಂದೆ. ಅವನೇ ಬೇಡ ಅಂದ. ತೆಗಿ ಅಂದಿದ್ದು ನಾನೇ ಅಲ್ವಾ, ಅರ್ಧ ತಪ್ಪು ನಂದೇ, ಅರ್ಧ ನಿಜ ಹೇಳಿ ಹೇಗೆ ತಪ್ಪಿಸ್ಕೊಳ್ಳೋದು ಅಂದ. ನಾನೂ ಹೇಡಿ. ಸುಮ್ಮನಾದೆ."

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸುಳ್ಳು ಹೇಳುವವರು ಸಾಮಾನ್ಯವಾಗಿ ಗಲ್ಲ ಮುಟ್ಟಿಕೊಳ್ಳುತ್ತಾರೆ, ಇಲ್ಲವೇ ತುಂಬ ಚೆನ್ನಾಗಿ ನೆನಪಿಟ್ಟಿರುತ್ತಾರೆ. ಇವನು ಗಲ್ಲ ಮುಟ್ಟಿಕೊಳ್ಳಲಿಲ್ಲ. ಆದರೆ ತುಂಬ ಚೆನ್ನಾಗಿ ನೆನಪಿಟ್ಟಿದ್ದ.

"ಈಗ ಕ್ಯಾಮೆರಾ ಯಾಕೆ?"

"ಮೂರನೇದು ಅರ್ಧಕ್ಕೆ ನಿಂತಿದೆಯಲ್ಲ. ಕೊನೇಲಿ ದೆವ್ವ ಸಾಯಬೇಕು. ಆಸ್ಪತ್ರೆಯಿಂದ ಫೋನ್ ಮಾಡಿದಾಗೆಲ್ಲ ಅದೇ ಮಾತು ಅವನದು. ಹೇಗೂ ಪೆಟ್ಟಿಗೇಲಿ ಮಲಗ್ತೀನಿ, ಬಾಡಿಗೆ ಉಳಿಯುತ್ತೆ ಅಂತಿದ್ದ. ಆದರೆ ಈ ಸಲ ನಮ್ಮವಳನ್ನ ಕೇಳಿ ತೆಗಿ ಅಂದ."

"ಅಪ್ಪ ಹಾಗಂದ ಅನ್ನೋದಕ್ಕೆ ಏನು ಸಾಕ್ಷಿ?"

"ಏನೂ ಇಲ್ಲ," ಎಂದ ಡೈರೆಕ್ಟರ್.

ಅಪ್ಪನ ಮಾತಿನ ಧಾಟಿ ಅದೇ ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ಹಳೆಯ ಸ್ನೇಹಿತನಿಗೂ ಅದು ಗೊತ್ತಿರುತ್ತದೆ. ಧಾಟಿಯನ್ನು ಯಾರು ಬೇಕಾದರೂ ಕಟ್ಟಬಹುದು. ಚಿಕ್ಕಪ್ಪನನ್ನು ಕರೆದು ಈ ಮನುಷ್ಯನನ್ನು ಮೆಟ್ಟಿಲಿಳಿಸುವುದೇ ಸರಿ ಎಂದುಕೊಂಡು ಅವಳು ಬಾಗಿಲು ತೆಗೆದಳು.

ಬಾಗಿಲ ಆಚೆ ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

* * *

ಡೈರೆಕ್ಟರ್ ಸ್ಟೂಲಿನಿಂದೆದ್ದ. "ಅತ್ತಿಗೆ..."

ಅಮ್ಮ ಕೈ ಎತ್ತಿ ಅವನನ್ನು ತಡೆದಳು. ಬೆಂಚಿನ ಮೇಲಿನ ದವಡೆಯನ್ನು ಎತ್ತಿ ನೋಡಿ, ಬಟ್ಟೆ ಹಾಸಿ ಅದರ ಮೇಲಿಟ್ಟಳು. ಆಮೇಲೆ ಅವನ ಮುಖವನ್ನು ನೋಡಿದಳು. ಮಗಳಿಗೆ ಆ ನೋಟ ಗೊತ್ತಿತ್ತು. ಆದರೆ ಈ ಸಲ ಅದು ಬೇಗ ಮುಗಿಯಲಿಲ್ಲ.

"ನಮ್ಮಮ್ಮಂದು ಆ ಎರಡು ನಿಮಿಷ ಇದೆಯಾ ನಿಮ್ಮ ಹತ್ರ?"

"ಇದೆ ಅತ್ತಿಗೆ. ಪೂರ್ತಿ ಇದೆ. ಆ ದನಿ ಗಿನಿ ಏನೂ ಇಲ್ಲದ್ದು."

"ನಾಳೆ ತಂದ್ಕೊಡಿ." ಅವಳು ಗೋಡೆಗೆ ಒರಗಿದಳು. "ನಾನು ಆ ಟಾಕೀಸಿಗೆ ಇನ್ನೊಂದು ಸಲ ಹೋಗಿದ್ದೆ. ಮಾರನೇ ವಾರ, ಒಬ್ಬಳೇ. ಅವರಿಗೆ ಹೇಳಲಿಲ್ಲ. ಅಮ್ಮನ ಮುಖ ನೋಡ್ಬೇಕಿತ್ತು. ಆವತ್ತೂ ಜನ ನಕ್ರು. ನಾನು ಕಿವಿ ಮುಚ್ಕೊಂಡು ನೋಡ್ದೆ."

ಮಗಳು ಅಮ್ಮನನ್ನು ಹೊಸಬಳಂತೆ ನೋಡಿದಳು. ಈ ಮನೆಯಲ್ಲಿ ಗುಟ್ಟು ಮುಚ್ಚಿಟ್ಟವನು, ಫೋನು ಇಟ್ಟುಬಿಡುತ್ತಿದ್ದ ಅಪ್ಪ ಒಬ್ಬನೇ ಎಂದುಕೊಂಡಿದ್ದಳು.

"ಬಂದು ಹೇಳಿಬಿಡೋಣ, ಸಿಟ್ಟು ಬಿಟ್ಟೆ ಅಂತ, ಎಷ್ಟೋ ಸಲ ಅಂದ್ಕೊಂಡೆ," ಎಂದಳು ಅಮ್ಮ. "ಹೇಳಿದ್ರೆ ಹೋಗಿದ್ದನ್ನೂ ಹೇಳಬೇಕಾಗ್ತಿತ್ತು." ಆಮೇಲೆ ಡೈರೆಕ್ಟರನ ಕಡೆ ತಿರುಗಿ ಕೇಳಿದಳು, "ನಿಮ್ಮ ಕತೇಲಿ ಅವರು ಸಾಯ್ತಾರಾ, ಇಲ್ಲಾ ಮತ್ತೆ ಎದ್ದು ಬರ್ತಾರಾ?"

ಡೈರೆಕ್ಟರ್ ಮಗಳ ಕಡೆ ಒಮ್ಮೆ, ಅಮ್ಮನ ಕಡೆ ಒಮ್ಮೆ ನೋಡಿದ. ಅವನಿಗೆ ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ.

"ಸಾಯ್ತಾನೆ ಅತ್ತಿಗೆ. ಈ ಸಲ ಏಳಲ್ಲ. ಅದನ್ನ ಅವನೇ ಹೇಳಿದ್ದು."

ಅಮ್ಮ ತಲೆಯಾಡಿಸಿದಳು. "ಪರದೆ ಅಷ್ಟು ಸರಿಸಿದ್ರೆ ಸಾಲದು. ಮುಖದ ಎಡಗಡೆ ಕತ್ತಲೆ ಬಿದ್ದಿದೆ," ಎಂದು ಹೇಳಿ ಮುಂದಿನ ಕೋಣೆಗೆ ನಡೆದಳು.

ಸ್ಮಶಾನ ತಲುಪಿದಾಗ ಬಿಸಿಲು ಓರೆಯಾಗಿತ್ತು. ಗೇಟಿನಿಂದ ಗುಂಡಿಯವರೆಗೆ ಜಲ್ಲಿ ಹಾಸಿದ ದಾರಿ. ಪೆಟ್ಟಿಗೆ ಮುಂದೆ, ಅಮ್ಮ ಹಿಂದೆ, ಅವಳ ಹಿಂದೆ ಚಿಕ್ಕಪ್ಪ, ಡಾಕ್ಟರು, ಟೈಲರ್, ಉಳಿದವರು. ಡೈರೆಕ್ಟರ್ ಕೋಟಿನ ತೋಳು ಮಡಚಿ ಹಿಮ್ಮುಖವಾಗಿ ನಡೆಯುತ್ತಿದ್ದ. ಮಗಳು ಅವನ ಪಕ್ಕದಲ್ಲೇ ಇದ್ದಳು, ಅವನು ಏನು ತೆಗೆಯುತ್ತಾನೆ ಎಂದು ಕಣ್ಣಿಡಲಿಕ್ಕೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅಮ್ಮನ ಮುಖ ಕಪ್ಪಾಗಿ ಕಾಣುತ್ತಿತ್ತು. ಬಿಸಿಲು ಅವಳ ಬೆನ್ನಿಗಿತ್ತು.

"ಮುಖ ಬರ್ತಿಲ್ಲ ಅತ್ತಿಗೆ," ಎಂದ ಡೈರೆಕ್ಟರ್, ಮೆಲ್ಲಗೆ, ತಪ್ಪೊಪ್ಪಿಕೊಳ್ಳುವವನಂತೆ.

ಅಮ್ಮ ನಿಂತಳು. ಪೆಟ್ಟಿಗೆ ಹೊತ್ತವರೂ ನಿಂತರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಕೆನ್ನೆಗೆ ಬಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಬಂದ ದಾರಿಯಲ್ಲೇ ವಾಪಸು ನಡೆದಳು. ನಾಲ್ವರು ಮುಖ ಮುಖ ನೋಡಿಕೊಂಡು, ಪೆಟ್ಟಿಗೆಯನ್ನು ಹೊತ್ತೇ, ಹೆಜ್ಜೆ ಹಿಂದಿಡುತ್ತ ಹೋದರು. ಗೇಟಿನ ಬಳಿ ಎಲ್ಲರೂ ಮತ್ತೆ ಸಾಲಾದರು.

ಮಗಳು ಚೀಲದಿಂದ ರಟ್ಟನ್ನು ಎಳೆದು ಬಿಡಿಸಿದಳು. ಬೆಳ್ಳಿಕಾಗದದ ಮೈಯನ್ನು ಬಿಸಿಲಿಗೆ ಹಿಡಿದು, ಅತ್ತ ಇತ್ತ ವಾಲಿಸಿದಳು. ಬೆಳಕಿನ ತುಂಡೊಂದು ಜಲ್ಲಿಯ ಮೇಲೆ ಓಡಿ, ಪೆಟ್ಟಿಗೆಯ ಅಂಚನ್ನು ದಾಟಿ, ನಡುಗುತ್ತ ಹೋಗಿ ಅಮ್ಮನ ಮುಖದ ಮೇಲೆ ನಿಂತಿತು. ಅಮ್ಮ ಕಣ್ಣು ಕಿರಿದು ಮಾಡಲಿಲ್ಲ. ಮೊದಲಿನಿಂದ ನಡೆದು ಬರತೊಡಗಿದಳು.