ಚಿಂತಾಕಿಗೆ ಹೋಗುವ ಕಾಗದ

ತಿಂಗಳಿಗೊಮ್ಮೆ ಬರುವ ಕಾಂತಾಬಾಯಿ ಈ ಸಲ ಹನ್ನೆರಡೇ ದಿನಕ್ಕೆ ಬಂದಳು. ಎರಡನೇ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಭಾಲ್ಕಿಯ ರೈಲು ಇಳಿದು ಬಂದ ಸುಶೀಲಕುಮಾರ ಆಗಷ್ಟೇ ಕೇಂದ್ರದ ಬೀಗ ತೆಗೆಯುತ್ತಿದ್ದ. ಅವಳು "ಜೈಭೀಮ್ ರೀ ಸರ್" ಎಂದು ಯಾವತ್ತಿನ ಹಾಗೆ ಬೆಂಚಿನ ತುದಿಗೆ ಕುಳಿತಳು. ಕೊರಳಲ್ಲಿ ಕರಿಮಣಿ ಇರಲಿಲ್ಲ. ಅವಳು ಬಾಯಿ ಬಿಡುವ ಮೊದಲೇ ಅವನಿಗೆ ಅರ್ಧ ತಿಳಿಯಿತು.

ಬೀದರಿನ ಒಂದು ಸಣ್ಣ ಟ್ರಸ್ಟು ಎರಡು ಕೋಣೆಗಳಲ್ಲಿ ನಡೆಸುವ ಬ್ರೈಲ್ ಕೇಂದ್ರ ಅದು. ಹೇಳಿದ್ದನ್ನು ಕಂಪ್ಯೂಟರಿನಲ್ಲಿ ಬರೆದರೆ ಮಿಷಿನ್ನು ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕೆ ಹೊಡೆದು ಕೊಡುತ್ತದೆ. ಕಣ್ಣಿಲ್ಲದವರು ಬೆರಳಿನಿಂದ ಓದಿಕೊಳ್ಳುತ್ತಾರೆ. ಸುಶೀಲಕುಮಾರ ಅಲ್ಲಿಯ ಜವಾನನೂ ಹೌದು, ಗುಮಾಸ್ತನೂ ಹೌದು, ಮೆಕ್ಯಾನಿಕ್ಕೂ ಹೌದು. ಹನ್ನೊಂದು ವರ್ಷದಿಂದ ಸಾವಿರಾರು ಹಾಳೆ ಹೊಡೆಸಿದ್ದಾನೆ, ಅದರಲ್ಲಿ ಒಂದು ಸಾಲೂ ಅವನಿಗೆ ಓದಲು ಬರುವುದಿಲ್ಲ. ಕೇಂದ್ರದಲ್ಲಿ ಮೊದಲಿದ್ದ ಅಬ್ದುಲ ಅಜೀಜ ಮಾಸ್ತರರು ಸ್ವತಃ ಕಣ್ಣಿಲ್ಲದವರು, ಬ್ರೈಲ್ ಸ್ಲೇಟು ಹಿಡಿದು ಕೈಯಿಂದಲೇ ಪುಟಗಟ್ಟಲೆ ಚುಚ್ಚುತ್ತಿದ್ದರು. ಕಲಿತುಕೋ ಎಂದು ಅವರು ಎಷ್ಟೋ ಸಲ ಹೇಳಿದರು. ಮಿಷಿನ್ನು ಇರುವಾಗ ಕೈ ಯಾಕೆ ನೋಯಿಸಿಕೊಳ್ಳಬೇಕು ಎಂದು ಇವನು ನಕ್ಕ. ಮಾಸ್ತರರು ತೀರಿಕೊಂಡು ಎರಡು ವರ್ಷವಾಯಿತು. ಅವರ ಸ್ಲೇಟು ಕಪಾಟಿನಲ್ಲಿ ಧೂಳು ತಿನ್ನುತ್ತಿದೆ.

ಕಾಂತಾಬಾಯಿಯ ಮಗಳು ಮಹಾಮಾಯಾಗೆ ಹುಟ್ಟಿನಿಂದ ಕಣ್ಣಿಲ್ಲ. ಅಂಧರ ಸಾಲೆಯಲ್ಲಿ ಬ್ರೈಲ್ ಕಲಿತು ಹತ್ತನೆಯ ಇಯತ್ತೆ ಪಾಸಾದವಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವು. ಈಗ ಇಪ್ಪತ್ಮೂರು. ಬಾಯಿಯಿಂದ ಎಲ್ಲ ಆಡುತ್ತಾಳೆ, ಆದರೆ ಜಗತ್ತಿನಿಂದ ಅವಳೊಳಗೆ ಏನಾದರೂ ಹೋಗಬೇಕಾದರೆ ಇರುವುದು ಅಂಗೈ ಒಂದೇ. ಅಂಗೈಯನ್ನು ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಊಟಕ್ಕೆ, ಸ್ನಾನಕ್ಕೆ, ನಿದ್ದೆಗೆ ಇನ್ನೂ ಮೂರು ನಾಲ್ಕು ಗುರುತು. ಅಷ್ಟರಲ್ಲಿ ಒಂದು ಸಂಸಾರದ ಮಾತು ಹಿಡಿಸುತ್ತದೆಯೇ? ಅದಕ್ಕೇ ಕಾಂತಾಬಾಯಿ ತಿಂಗಳಿಗೊಮ್ಮೆ ತನ್ನೂರು ಚಿಂತಾಕಿಯಿಂದ ಬೀದರಿಗೆ ಬಂದು, ಯಾರ ಎಮ್ಮೆ ಈಯಿತು, ಯಾರ ಮನೆಯಲ್ಲಿ ತೊಟ್ಟಿಲಾಯಿತು ಎಂಬುದನ್ನೆಲ್ಲ ಹೇಳಿ ಬರೆಸಿ, ಹಾಳೆಗಳನ್ನು ಸೀರೆಯಂತೆ ಜೋಪಾನವಾಗಿ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಆ ಮನೆಯಲ್ಲಿ ಕಾಗದದಲ್ಲಿ ಬಂದದ್ದು ಎಂದರೆ ಮುಗಿಯಿತು, ಅದು ಖರೆ.

ಈ ಸಲ ಬರೆಸಬೇಕಾದದ್ದು ಬೇರೆ. ಸೋಮವಾರ ಔರಾದ ಸಂತೆಯಲ್ಲಿ ಸೋಯಾ ಚೀಲ ಇಳಿಸುತ್ತಿದ್ದ ಅವಳ ಗಂಡ ಪಂಢರಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಮಗಳಿಗೆ ಹೇಳುವುದು ಹೇಗೆಂದು ಯಾರಿಗೂ ತೋಚಲಿಲ್ಲ. ಹೆಣ ಮುಟ್ಟಿಸಿದರೆ ಹುಡುಗಿ ಹೆದರಿ ಸತ್ತಾಳು ಎಂದು ಹಿರಿಯರು ಅವಳನ್ನು ಅದೇ ಹೊತ್ತಿಗೆ ಖಟಕ ಚಿಂಚೋಳಿಯ ಸೋದರಮಾವನ ಮನೆಗೆ ಸಾಗಿಸಿ, ಎಲ್ಲ ಮುಗಿದ ಮೇಲೆ ಕರೆತಂದರು. ಅಂದಿನಿಂದ ಅವಳು ಅಪ್ಪ ಎಲ್ಲಿ ಎಂದು ಕೇಳುತ್ತಿದ್ದಾಳೆ. ಬರುತ್ತಾನಾ ಎಂದರೆ ತಾಯಿ ಅಂಗೈಯನ್ನು ಒಂದು ಸಲ ಒತ್ತುತ್ತಿದ್ದಾಳೆ. ಬೇರೆ ಏನು ಒತ್ತುವುದು? ಸಾವಿಗೆ ಗುರುತು ಮಾಡಿಕೊಂಡಿರಲಿಲ್ಲ.

ಅದರ ಮೇಲೆ ಇನ್ನೊಂದು. ಸೋಮವಾರ ಮುಂಜಾನೆ ಅಪ್ಪ ಮಗಳಿಗೆ ಜಗಳವಾಗಿತ್ತು. ಯಾವುದೋ ಬೇಸರಕ್ಕೆ ಅವಳು ರೊಟ್ಟಿಯ ತಾಟು ನೂಕಿದ್ದಳು. ಪಂಢರಿ ದಿನಾ ಹೊರಡುವಾಗ ಅವಳ ಅಂಗೈ ಒತ್ತಿ ಹೋಗುವವನು, ಅಂದು ಒತ್ತದೆ ಹೋದ. ಅವನಿಗೆ ತನ್ನ ಮೇಲೆ ಸಿಟ್ಟು, ಅದಕ್ಕೇ ಮನೆಗೆ ಬರುತ್ತಿಲ್ಲ ಎಂದು ಅವಳು ಮೂರು ದಿನದಿಂದ ಊಟ ಬಿಟ್ಟಿದ್ದಾಳೆ. ನಾಳೆ ಮನೆಯಲ್ಲಿ ಸತ್ತವನ ಹೆಸರಿನ ಪುಣ್ಯಾನುಮೋದನ. ಊರೆಲ್ಲ ಬಂದು ಅವಳ ಕೈ ಹಿಡಿದು ಅಳುತ್ತದೆ. ಯಾಕೆ ಅಳುತ್ತಿದ್ದಾರೆಂದು ಅವಳೊಬ್ಬಳಿಗೇ ಗೊತ್ತಿರುವುದಿಲ್ಲ.

"ಸಿಟ್ಟಿಲೇ ಹೋದ್ರು ಅಂತ ಬರೀಬ್ಯಾಡ್ರಿ ಸರ್" ಎಂದಳು ಕಾಂತಾಬಾಯಿ. "ಹೋಗೋ ಮುಂದ ನನ್ನ ಮುಂದ ಅಂದಿದ್ರು, ಈ ಹುಡುಗಿ ಮಾರಿ ನೋಡಾಂಗಿಲ್ಲ ಇನ್ನ ಅಂತ. ಅದು ನನ್ನ ಹೊಟ್ಟ್ಯಾಗೇ ಇರ್ಲಿ. ಸಿಟ್ಟಿರಲಿಲ್ಲ ಅಂತ ಬರೀರಿ."

ಸುಶೀಲಕುಮಾರ ಎರಡು ಪುಟ ಬರೆದುಕೊಂಡ. ಕಾಂತಾಬಾಯಿ ನೇರವಾಗಿ ಸಾವಿಗೆ ಬರಲಿಲ್ಲ. ತೊಗರಿ ಹೂವಿನಿಂದ ಶುರು ಮಾಡಿ, ಅಪ್ಪನಿಗೆ ದಣಿವಾಗುತ್ತಿತ್ತು ಎಂದು ಹೇಳಿ, ಮೆತ್ತಗೆ ಮೆತ್ತಗೆ ಕೈ ಹಿಡಿದು ಇಳಿಸುವಂತೆ ಮಗಳನ್ನು ಅಲ್ಲಿಗೆ ಇಳಿಸಿದಳು. ಬರೆಯುತ್ತ ಅವನ ಕಣ್ಣೂ ಒದ್ದೆಯಾದವು. ಇನ್ನು ಹೊಡೆಸುವುದಷ್ಟೇ ಬಾಕಿ.

ತೊಡಕು ಇದ್ದದ್ದೇ ಅಲ್ಲಿ. ವಾರದ ಹಿಂದೆ ಕಂಪ್ಯೂಟರಿನ ಡಿಸ್ಕು ಸತ್ತಿತ್ತು. ಭಾಲ್ಕಿಯಲ್ಲಿ ರಿಪೇರಿ ಅಂಗಡಿ ಇಟ್ಟ ಸಾಜಿದ, ಒಂಬತ್ತು ವರ್ಷದ ಹಿಂದೆ ಇದನ್ನು ಕೂಡಿಸಿದವನೂ ಅವನೇ, ಬಂದು ಹೊಸ ಡಿಸ್ಕು ಹಾಕಿ, ಕಂಪ್ಯೂಟರು ನಡೆಸುವ ಅದೇ ಹಳೆಯ ಲಿನಕ್ಸ್ ತುಂಬಿ ಹೋಗಿದ್ದ. ಬ್ರೈಲ್ ಪ್ರೋಗ್ರಾಮು ನೆಟ್ಟಿನಿಂದ ಇಳಿಸಿಕೋ, ಅರ್ಧ ತಾಸಿನ ಕೆಲಸ ಎಂದಿದ್ದ. ಸುಶೀಲಕುಮಾರನಿಗೆ ನಾಳೆ ಎಂಬುದೊಂದು ಸಿಕ್ಕರೆ ಇವತ್ತು ಯಾಕೆ ಬೇಕು!

ಆಜ್ಞೆ ಕೊಟ್ಟು ಎಂಟರ್ ಒತ್ತಿದ. ಪರದೆಯ ಮೇಲೆ ಸಾಲುಸಾಲಾಗಿ 404 ಬಂತು. ಸಿಗಲಿಲ್ಲ, ಸಿಗಲಿಲ್ಲ, ಸಿಗಲಿಲ್ಲ. ಸಾಜಿದನಿಗೆ ಫೋನ್ ಮಾಡಿದ. ಪ್ರೋಗ್ರಾಮುಗಳನ್ನೆಲ್ಲ ಒಂದು ಭಂಡಾರದಲ್ಲಿಟ್ಟಿರುತ್ತಾರೆ, ಈ ಲಿನಕ್ಸಿಗೆ ವಯಸ್ಸಾಯಿತೆಂದು ಅದರ ಭಂಡಾರವನ್ನು ಆ ಜಾಗದಿಂದ ಎತ್ತಿದ್ದಾರೆ, ಹಳೆಯವುಗಳ ಭಂಡಾರ ಬೇರೆ ಇದೆ, ವಿಳಾಸ ಬದಲಾಯಿಸು ಎಂದು ಅವನು ಅಕ್ಷರಕ್ಷರ ಹೇಳಿ ಬರೆಸಿದ. ಬದಲಾಯಿಸಿದರೆ, ಭಂಡಾರದ ಸಹಿಯ ಅವಧಿ ಮುಗಿದಿದೆ, ನಂಬಲಾರೆ ಎಂದಿತು ಕಂಪ್ಯೂಟರು. ಸಹಿ ನೋಡದಂತೆ ಅದರ ಕಣ್ಣು ಮುಚ್ಚಿಸಿದರು. ಆಗ ಪ್ರೋಗ್ರಾಮಿನ ಹೆಸರು ಕಾಣಿಸಿತು. ಸುಶೀಲಕುಮಾರ ತಿರುಗಿ ಕಾಂತಾಬಾಯಿಯನ್ನು ನೋಡಿ, ಇನ್ನೇನು ಆಯಿತು ಅಕ್ಕಾ ಎಂದ.

ಆಗಲಿಲ್ಲ. ಮದುವೆಗೆ ಒಬ್ಬನನ್ನು ಕರೆದರೆ ಬೀಗರು ಬಂದರಷ್ಟೇ ಬರುತ್ತೇನೆ ಅನ್ನುತ್ತಾನೆ, ಬೀಗರು ಅಳಿಯ ಬರಲಿ ಅನ್ನುತ್ತಾರೆ. ಈ ಪ್ರೋಗ್ರಾಮುಗಳದ್ದೂ ಅದೇ ಬಿಗುಮಾನ. ಹತ್ತೊಂಬತ್ತು ತುಣುಕುಗಳಲ್ಲಿ ಹದಿನೆಂಟು ಇಳಿದವು. ಹತ್ತೊಂಬತ್ತನೆಯದು ಆ ಭಂಡಾರದ ಪಟ್ಟಿಯಲ್ಲಿತ್ತು, ಜಾಗದಲ್ಲಿರಲಿಲ್ಲ. ಅದೊಂದು ಇಲ್ಲದೆ ಉಳಿದ ಹದಿನೆಂಟೂ ಕೆಲಸಕ್ಕೆ ಬಾರವು. ಸಾಜಿದ ಇನ್ನೆಲ್ಲಿಂದಲೋ ಆ ತುಣುಕನ್ನು ಹುಡುಕಿ ವಾಟ್ಸಾಪಿನಲ್ಲಿ ಕಳಿಸಿದ. ಅದು ಹೊಸ ನಮೂನೆಯ ಕಂಪ್ಯೂಟರಿನದು, ಈ ಮುದುಕನಿಗೆ ಒಗ್ಗಲಿಲ್ಲ. ಬೇರೆ ಕಂಪ್ಯೂಟರು ತರೋಣವೆಂದರೆ ಆ ಹಳೆಯ ಮಿಷಿನ್ನಿನ ತಂತಿ ಸಿಕ್ಕಿಸುವ ಜಾಗ ಇರುವುದು ಇದೊಂದಕ್ಕೇ. ಕಲಬುರಗಿಯ ಒಂದು ಬ್ರೈಲ್ ಛಾಪಖಾನೆಗೆ ಫೋನ್ ಮಾಡಿದರೆ ಬರೀ ಗಂಟೆ ಬಾರಿಸಿತು. ರಜೆಯ ದಿನ ಯಾರು ಎತ್ತುತ್ತಾರೆ?

ಒಂದು ಗಂಟೆಗೆ ಸಾಜಿದನೇ ನೆನಪಿಸಿದ. ಒಂಬತ್ತು ವರ್ಷದ ಹಿಂದೆ ತಾನು ಎಲ್ಲ ತುಣುಕುಗಳನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಜೀವ ಹೋದರೂ ಇದನ್ನು ಕಳೆಯಬೇಡ ಎಂದು ಕೊಟ್ಟಿದ್ದೆನಲ್ಲ, ಅದೆಲ್ಲಿ? ಸುಶೀಲಕುಮಾರ ಜೇಬಿಗೆ ಕೈ ಹಾಕಿದ. ಪೆನ್‌ಡ್ರೈವು ಅವನ ಕೀಲಿ ಗೊಂಚಲಿನಲ್ಲೇ ತೂಗುತ್ತಿತ್ತು. ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿ ಮೆರವಣಿಗೆಗೆ ಡಿಜೆಯವನು ಭೀಮಗೀತೆ ತುಂಬಿಕೊಡು ಎಂದಾಗ, ಜಾಗ ಸಾಲದೆ, ಒಳಗಿದ್ದ ಅರ್ಥವಾಗದ ಹೆಸರಿನ ಕಡತಗಳನ್ನೆಲ್ಲ ಅವನೇ ಅಳಿಸಿದ್ದ. ಇನ್ನೂರ ಹನ್ನೆರಡು ಹಾಡು ಈಗಲೂ ಇವೆ. ಆ ದಿನ ಎಷ್ಟು ಕುಣಿದಿದ್ದನೆಂದು ನೆನಪಾಗಿ ಹೇಸಿಕೆಯಾಯಿತು.

"ಆಗಂಗಿಲ್ಲೇನ್ರಿ?" ಎಂದಳು ಕಾಂತಾಬಾಯಿ. ಬೆಳಗಿನಿಂದ ಅವಳು ಕೇಳಿದ್ದು ಅದೊಂದೇ.

ಮೂರು ಗಂಟೆಗೆ ಅವನು ಕಪಾಟು ತೆಗೆದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಅಂದರೆ ಇದೇ ಎಂದು ಮಾಸ್ತರರು ಬದುಕಿದ್ದರೆ ಹೇಳುತ್ತಿದ್ದರು. ಸ್ಲೇಟೆಂದರೆ ಸಣ್ಣ ಸಣ್ಣ ಕಿಂಡಿಗಳಿರುವ ಲೋಹದ ಪಟ್ಟಿ. ಅದರಡಿ ಕಾಗದ ಸಿಕ್ಕಿಸಿ ದಬ್ಬಣದಂಥ ಮೊಳೆಯಿಂದ ಒಂದೊಂದೇ ಚುಕ್ಕೆ ಚುಚ್ಚಬೇಕು. ಗೋಡೆಯ ಮೇಲಿನ ಅಕ್ಷರಪಟ ನೋಡಿ ನೋಡಿ ಚುಚ್ಚಿದ. ಅರ್ಧ ತಾಸಿನ ಮೇಲೆ ಕಾಗದ ತೆಗೆದು ಹಳೆಯ ಹಾಳೆಯ ಜೊತೆ ಹೋಲಿಸಿದರೆ ಎಲ್ಲ ತಿರುವುಮುರುವು. ಚುಕ್ಕೆ ಉಬ್ಬುವುದು ಹಿಂಬದಿಗೆ. ಉರ್ದು ಬರೆದಂತೆ ಬಲದಿಂದ ಎಡಕ್ಕೆ ಬರೆಯಬೇಕಿತ್ತು. ಮಾಸ್ತರರ ಕೈ ಬಲದಿಂದ ಎಡಕ್ಕೆ ಓಡುತ್ತಿದ್ದುದನ್ನು ವರ್ಷಗಟ್ಟಲೆ ನೋಡಿದ್ದರೂ ಅವನ ತಲೆಗೆ ಹೋಗಿರಲಿಲ್ಲ.

ಔರಾದ ಬಸ್ಸು ನಾಲ್ಕೂವರೆಗೆ. ಎರಡು ಪುಟ ಚುಚ್ಚಲು ಅವನ ಕೈಗೆ ಎರಡು ದಿನ ಬೇಕು. ತೊಗರಿ ಹೂವು ಹೋಯಿತು, ಅಪ್ಪನ ದಣಿವು ಹೋಯಿತು, ತಾಯಿ ಕೂಡಿಸಿಟ್ಟ ಮೆತ್ತನೆಯ ಮಾತೆಲ್ಲ ಹೋಯಿತು. ನಾಲ್ಕೂ ಕಾಲಿಗೆ ಕಾಗದದ ಮೇಲೆ ಇದ್ದದ್ದು ಎರಡೇ ಮಾತು: ಅಪ್ಪ ತೀರಿಕೊಂಡರು. ಇಷ್ಟನ್ನು ಕೊಟ್ಟು ಕಳಿಸುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. ಸ್ಲೇಟು, ಅಕ್ಷರಪಟ, ನಾಲ್ಕು ಹಾಳೆ ಚೀಲಕ್ಕೆ ಹಾಕಿಕೊಂಡು ಅವಳ ಜೊತೆಗೇ ಬಸ್ಸು ಹತ್ತಿದ. ದಾರಿಯಲ್ಲಿ ಉಳಿದದ್ದನ್ನು ಚುಚ್ಚೋಣವೆಂದು ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡ. ಬಸ್ಸು ಎತ್ತಿ ಎತ್ತಿ ಹಾಕಿ ಎರಡು ಹಾಳೆ ಹರಿದವು.

ಚಿಂತಾಕಿಗೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ನಾಳೆಗಾಗಿ ಬಾಬಾಸಾಹೇಬರ ಮತ್ತು ಬುದ್ಧನ ಫೋಟೋ ಒರೆಸಿಟ್ಟಿದ್ದರು. ಮಹಾಮಾಯಾ ಗೋಡೆಗೆ ಒರಗಿ ಕುಳಿತಿದ್ದಳು, ತುಟಿ ಒಣಗಿದ್ದವು. ತಾಯಿ ಹಾಳೆಯನ್ನು ಅವಳ ಕೈಗಿಟ್ಟಳು. ಕಾಗದವೆಂದು ತಿಳಿದೊಡನೆ ಆ ಮುಖಕ್ಕೆ ಕಳೆ ಬಂತು. ಅದನ್ನು ನೋಡಿ ಸುಶೀಲಕುಮಾರನಿಗೆ ಓಡಿಹೋಗಬೇಕೆನಿಸಿತು.

ಬೆರಳು ಒಂದು ಸಲ ಹರಿಯಿತು. ಮತ್ತೆ ಮೊದಲಿಂದ ಹರಿಯಿತು. ಆಮೇಲೆ ಆ ಸಾಲಿನ ಕೆಳಗಿಳಿದು ಖಾಲಿ ಹಾಳೆಯ ಮೇಲೆ ನಿಧಾನವಾಗಿ, ಅಂಚಿನಿಂದ ಅಂಚಿಗೆ, ಕೊನೆಯವರೆಗೂ ಹುಡುಕುತ್ತ ಹೋಯಿತು. ಅವಳು ಹಾಳೆ ತಿರುವಿ ಹಿಂಬದಿಯನ್ನೂ ನೋಡಿದಳು.

"ಇಷ್ಟೇ ಏನು?"

ಅವಳು ಅಳಲಿಲ್ಲ. ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು, "ನನ್ನ ಮ್ಯಾಲಿನ ಸಿಟ್ಟಿಲೇ ಹೋದ್ರೇನು?"

ಇಲ್ಲವ್ವಾ ಎಂದು ಮನೆಯಲ್ಲಿದ್ದವರೆಲ್ಲ ಒಟ್ಟಿಗೇ ಅಂದರು. ಕೇಳುವ ಕಿವಿ ಇದ್ದವರಿಗಷ್ಟೇ ಅದು ಕೇಳಿಸಿತು. ತಾಯಿ ಮಗಳ ಅಂಗೈ ಹಿಡಿದು ಎರಡು ಸಲ ಒತ್ತಿದಳು, ಮತ್ತೆ ಎರಡು ಸಲ ಒತ್ತಿದಳು. ಮಹಾಮಾಯಾ ಕೈ ಕಿತ್ತುಕೊಂಡಳು.

"ನಿನ್ನ ಕೈ ನಂಬಂಗಿಲ್ಲವ್ವಾ. ಬರ್ತಾರ ಬರ್ತಾರ ಅಂತ ಇಷ್ಟು ದಿನ ಒತ್ತಿದಿ. ಕಾಗದದಾಗ ಬರಸ್ಕೊಂಡು ಬಾ."

ಕಾಂತಾಬಾಯಿ ಸುಶೀಲಕುಮಾರನ ಕಡೆ ನೋಡಿದಳು. ಅವನು ದೀಪದ ಕೆಳಗೆ ಸ್ಲೇಟು ಬಿಚ್ಚಿದ. ಸಿಟ್ಟು ಇರಲಿಲ್ಲ. ಅದೇ ಮಾತನ್ನು ಬೆಳಿಗ್ಗೆ ಕೀಲಿಮಣೆಯ ಮೇಲೆ ಒಂದೇ ಉಸಿರಿಗೆ ಬರೆದಿದ್ದ. ಮಿಷಿನ್ನು ಇದ್ದಿದ್ದರೆ ಟಕಟಕ ಹೊಡೆದು ಹಾಕುತ್ತಿತ್ತು, ಪಾಪ ಅದರದ್ದಾಗುತ್ತಿತ್ತು. ಈಗ ಪ್ರತಿ ಚುಕ್ಕೆಗೂ ಅವನ ಹೆಬ್ಬೆರಳೇ ಬೇಕು. ಮೊಳೆ ಊರಿ ಒತ್ತಿದಾಗಲೆಲ್ಲ, ಮಗಳ ಮುಖ ನೋಡುವುದಿಲ್ಲ ಎಂದು ಹೊಸ್ತಿಲು ದಾಟಿದ ಪಂಢರಿ ಕಣ್ಣೆದುರು ಬಂದ. ಹದಿನೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳು ಕೈ ಚಾಚಿಯೇ ಕುಳಿತಿದ್ದಳು.

ಓದಿದಳು. ಮತ್ತೊಮ್ಮೆ ಓದಿದಳು. ಚುಕ್ಕೆಗಳು ಒಂದು ಆಳ, ಒಂದು ತೆಳುವಾಗಿದ್ದುದನ್ನು ಬೆರಳಿನಿಂದ ಸವರಿ, ಇದು ಮಿಷಿನ್ನಿನದಲ್ಲ ಎಂದು ಗುರುತು ಹಿಡಿದಳು.

"ಬೀದರ ಕಾಗದದವ್ರು ಬಂದೀರೇನ್ರಿ?" ಎಂದು ಅವನಿರದ ದಿಕ್ಕಿಗೆ ಮುಖ ಮಾಡಿ ಕೇಳಿದಳು. ತಾಯಿ ಅವನ ಕೈ ಎಳೆದು ಮಗಳ ಕೈಯಲ್ಲಿಟ್ಟಳು. ಅವಳು ಅವನ ಹೆಬ್ಬೆರಳು ಮುಟ್ಟಿ ನೋಡಿದಳು, ಅದು ಬಾತಿತ್ತು. ಆಮೇಲೆ ತನ್ನ ಅಂಗೈಯನ್ನು ಅವನ ಮುಂದೆ ಬಿಚ್ಚಿ ಹಿಡಿದಳು.

"ಅವ್ವ ಹೇಳ್ಯಾಳಂತ ಬರೀಬ್ಯಾಡ್ರಿ. ನೀವು ಹೇಳ್ರಿ. ಇದು ಖರೇ ಏನ್ರಿ?"

ಸುಶೀಲಕುಮಾರ ಒಂದು ಸಲ ಒತ್ತಿದ.