ಟೋಲೆಫ್ಸನ್ ಟೋಪಿ

ಕಾಫಿ ಕುದ್ದು ಕುದ್ದು ಸೀದ ವಾಸನೆ, ಚರ್ಚಿನ ಈ ನೆಲಮಾಳಿಗೆಯಲ್ಲಿ ಮದುವೆಗೂ ಇದೇ, ಸಾವಿನೂಟಕ್ಕೂ ಇದೇ, ಇವತ್ತು ಮತದಾನಕ್ಕೂ ಇದೇ, ಸಾಲು ಆಮೆಯ ಹಾಗೆ ಸರಿಯುತ್ತಿದೆ, ಸರಿಯಲಿ, ಜೋಳದ ಕೊಯ್ಲು ಅರ್ಧಕ್ಕೆ ಬಿಟ್ಟು ಬಂದವರು ಇವರೆಲ್ಲ, ಬೂಟಿನ ಮಣ್ಣು ಇನ್ನೂ ಹಸಿ — ಮತಪತ್ರದಲ್ಲಿ ಮೂರನೆಯ ಹೆಸರು ನನ್ನದು, ಆರ್ವಿಡ್ ಟೋಲೆಫ್ಸನ್, ಗೆಲ್ಲುವುದಿಲ್ಲ ಎಂದು ನನಗೂ ಗೊತ್ತು, ನನ್ನ ನಾಯಿಗೂ ಗೊತ್ತು, ಆದರೆ ನೂರಕ್ಕೆ ಎರಡು ಮತವಾದರೂ ಬಾರದಿದ್ದರೆ ಮುಂದಿನ ಸಲ ನಮ್ಮ ಸಣ್ಣ ಪಕ್ಷಕ್ಕೆ ಆ ಕಾಗದದ ಮೇಲೆ ಜಾಗವೇ ಇಲ್ಲ. ತಾನೂ ತಿನ್ನ, ಪರರಿಗೂ ಕೊಡ ಅಂದ್ರೆ ನೀನೇ ಕಣೋ, ಅಂದಿದ್ದ ಅಣ್ಣ ಲೆಲ್ಯಾಂಡ್, ದೊಡ್ಡ ಪಕ್ಷದ ಕೌಂಟಿ ಅಧ್ಯಕ್ಷ, ನಮ್ಮ ವೋಟು ಒಡೆದು ಆ ಕಡೆಯೋರನ್ನ ಗೆಲ್ಲಿಸ್ತೀಯ, ಅದೂ ಆ ಡೆಲ್ಮರ್‌ಗೋಸ್ಕರ. ಡೆಲ್ಮರ್‌ಗೋಸ್ಕರ ಅಲ್ಲ, ಪಕ್ಕದವರ ಹೊಲಕ್ಕೆ ಬೇಲಿ ಸರಿಸುವ ಆಸಾಮಿ, ಅವನ ಮುಖ ಕಂಡರೆ ನನಗಾಗದು, ಆದರೆ ವಾರಂಟ್ ಇಲ್ಲದೆ ಪೊಲೀಸರು ಅವನ ಕೊಟ್ಟಿಗೆಗೆ ನುಗ್ಗಿದಾಗ ಎರಡೂ ದೊಡ್ಡ ಪಕ್ಷದವರು ಬಾಯಿಗೆ ಬೀಗ ಹಾಕಿಕೊಂಡರು, ಸಂವಿಧಾನ ಒಳ್ಳೆಯವರಿಗೆ ಮಾತ್ರ ಅನ್ನುವುದಾದರೆ ಅದನ್ನು ಬರೆಯುವ ಅಗತ್ಯವೇ ಇರಲಿಲ್ಲ, ಅಷ್ಟೇ ನಾನು ಹೇಳಿದ್ದು, ಊರೂರು ಸುತ್ತಿ ಅಷ್ಟೇ ಹೇಳಿದೆ.

ಆರ್ವಿಡ್, ಟೋಪಿ ತೆಗೀಬೇಕಪ್ಪ — ಮತಗಟ್ಟೆಯ ಮೇಜಿನ ಹಿಂದೆ ವರ್ಡೆಲ್, ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು — ಅಭ್ಯರ್ಥಿ ಹೆಸರು ಒಳಗೆ ಬರೋ ಹಾಗಿಲ್ಲ, ಕಾನೂನು. ಟೋಪಿ ಮುಟ್ಟಿಕೊಂಡೆ, ಮುಂದುಗಡೆ ಟೋಲೆಫ್ಸನ್ ಪಶು ಆಹಾರ ಎಂದು ದಪ್ಪಕ್ಷರದ ಅಚ್ಚು, ಬಿತ್ತನೆ ಬೀಜ ಕೊಂಡವರಿಗೆಲ್ಲ ಅಪ್ಪನ ಕಾಲದಿಂದಲೂ ನಮ್ಮ ಅಂಗಡಿಯ ಪುಕ್ಕಟೆ ಟೋಪಿ, ನಾಮಪತ್ರ ಹಾಕುವಾಗ ಇದೊಂದು ಹೊಳೆಯಲೇ ಇಲ್ಲವಲ್ಲ, ತಿರುಗಿ ನೋಡಿದರೆ ಅರ್ಧ ಊರಿನ ತಲೆಯ ಮೇಲೆ ನನ್ನ ಹೆಸರು, ಅಣ್ಣನ ತಲೆಯ ಮೇಲೂ. ಈ ಗಂಡಸರು ಟೋಪಿ ತೆಗೆಯುವುದು ದೇವರಿಗೆ, ಹೆಣಕ್ಕೆ, ಬಾವುಟಕ್ಕೆ, ಬೇರೆ ಯಾರಿಗೂ ಅಲ್ಲ, ತೆಗಿ ಅಂದರೆ ಮುಖ ಸಿಂಡರಿಸಿಕೊಂಡು ಹೊಲಕ್ಕೆ ಹೋದಾರು, ನೂರಕ್ಕೆ ಎರಡು ಹೋಗಿ ಒಂದಾದೀತು — ಬಿಡು ವರ್ಡೆಲ್, ಅದು ನಮ್ಮಪ್ಪನ ಹೆಸರು, ಇವನು ಹುಟ್ಟೋಕೆ ಮುಂಚೆಯಿಂದ್ಲೂ ಇದೆ, ಲೆಲ್ಯಾಂಡನ ದನಿ, ಅಣ್ಣ, ನೀನಾ ಹೀಗನ್ನುವುದು, ಎದುರು ಪಕ್ಷದ ಅಧ್ಯಕ್ಷನೇ ಬಿಡು ಅಂದಮೇಲೆ ಕೇಳುವವರು ಯಾರು, ವರ್ಡೆಲ್ ಕನ್ನಡಕ ಏರಿಸಿ ನನ್ನನ್ನೇ ನೋಡುತ್ತಿದ್ದಾಳೆ, ಹೂಂ ಅಂದರೆ ಸಾಕು, ಒಬ್ಬನೂ ಸಾಲು ಬಿಡುವುದಿಲ್ಲ, ಅಪ್ಪನ ಹೆಸರು, ಮಾತಿನ ಸ್ವಾತಂತ್ರ್ಯ, ವಾದ ನಾಲಗೆಯ ತುದಿಗೇ ಬಂದು ಕೂತಿದೆ, ಎಂಥ ಸೊಗಸಾದ ವಾದ — ಅಷ್ಟು ಸೊಗಸಾಗಿದ್ದದ್ದಕ್ಕೇ ಅನುಮಾನ ಬಂತು, ನನ್ನ ಹೆಸರೆಂದು ನಾನೇ ರಿಯಾಯಿತಿ ತೆಗೆದುಕೊಂಡರೆ ಇಷ್ಟು ದಿನ ಊರೂರಲ್ಲಿ ಬೊಗಳಿದ್ದೇನು.

ಬೇಡ ಅಣ್ಣ, ಅವಳು ಹೇಳೋದು ಸರಿ, ಎಲ್ರೂ ತೆಗೀಬೇಕು, ಅಂದೆ, ತೆಗೆದೆ, ಬೋಳು ತಲೆಗೆ ಗಾಳಿ ತಣ್ಣಗೆ ತಾಗಿತು, ಯಾರೋ ಕಿಸಕ್ಕೆಂದರು, ಅನ್ನಲಿ, ಸಾಲಿನಲ್ಲಿ ಒಬ್ಬನ ಬೂಟು ಕಿರುಗುಟ್ಟಿತು, ಹೊರಟನೇ, ಇಲ್ಲ — ನಿನ್ನ ಹಠಕ್ಕೆ ನನ್ನ ತಲೆಗೆ ನೆಗಡಿ ಹಿಡೀಬೇಕು ನೋಡು, ಗೊಣಗುತ್ತ ಲೆಲ್ಯಾಂಡ್ ತೆಗೆದ, ಮುಖವೆಲ್ಲ ಬಿಸಿಲಿಗೆ ಇಟ್ಟಿಗೆ ಕೆಂಪು, ಟೋಪಿಯ ಗೆರೆಯ ಮೇಲೆ ಹಣೆ ಹಾಲಿನಷ್ಟು ಬಿಳಿ, ಅವನ ಹಿಂದಿನವನೂ ತೆಗೆದ, ಅವನದೂ ಬಿಳಿ, ಅವನ ಹಿಂದಿನವನು, ಯಾರೂ ಹೋಗಲಿಲ್ಲ, ಒಬ್ಬನೂ ಹೋಗಲಿಲ್ಲ, ಯಾರಿಗೆ ವೋಟು ಹಾಕುತ್ತಾರೋ ದೇವರೇ ಬಲ್ಲ, ಆದರೂ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯುತ್ತಿದೆ, ಇವರು ನನ್ನ ಜನ, ನನ್ನ ಹೆಸರನ್ನು ಕಾನೂನಿಗಾಗಿ ತಲೆಯಿಂದ ಇಳಿಸಿದವರು, ಬಿಳಿ ಹಣೆ, ಆಮೇಲೆ ಇನ್ನೊಂದು, ಮೆಟ್ಟಿಲವರೆಗೂ ಬಿಳಿ ಹಣೆ, ಬಾಗಿಲಾಚೆ, ಇನ್ನೂ ಒಳಗೆ ಕಾಲಿಡದವನೊಬ್ಬನ ಬಿಳಿ ಹಣೆ